ಮೂರನೆಯ ಕುರ್ಚಿ

ಇದು ನನ್ನ ದೊಡ್ಡಮ್ಮನ ಮಗ ಟೋರ್ಕೆಲ್‌ಗೆ ಆದದ್ದು. ೧೮೮೭ರ ಡಿಸೆಂಬರ್. ಸ್ವೀಡನ್ನಿನ ನಮ್ಮ ಊರಲ್ಲಿ ಆ ತಿಂಗಳು ಮೂರೂವರೆಗೇ ಕತ್ತಲಾಗುತ್ತದೆ. ಹಾಗಾಗಿ ಸಂಜೆ ಆರು ಅಂದರೂ ನಡುರಾತ್ರಿ ಇದ್ದಂತೆಯೇ.

ಟೋರ್ಕೆಲ್ ತನ್ನ ಗೆಳೆಯ ಎವರ್ಟ್ ಜೊತೆ, ಸೇತುವೆ ಪಕ್ಕದ, ಹೊಳೆಯ ನೀರೇ ಒಸರುವ ಬಾವಿಯ ದಾರಿಯಲ್ಲಿ ಮನೆಗೆ ಹೊರಟಿದ್ದ. ಬೆಳಗಾದರೆ ತುಂಬಿದ ಸಭೆಯ ಮುಂದೆ ಅವನ ಪ್ರಬಂಧದ ವಾದ. ಗೆದ್ದರೆ ಡಾಕ್ಟರ್ ಪದವಿ, ವಿಶ್ವವಿದ್ಯಾಲಯದಲ್ಲೇ ಪಾಠ ಹೇಳುವ ಕೆಲಸ.

ಒಂದು ಮಾತು ಮೊದಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ವಾದಕ್ಕೆ ಎದುರಾಳಿಗಳು ಮೂವರು. ಇಬ್ಬರು ನಿಜವಾಗಿ ತಪ್ಪು ಹುಡುಕುವವರು. ಮೂರನೆಯವನ ಕೆಲಸ ಗೇಲಿ ಮಾಡುವುದು, ಅಷ್ಟೇ. ಹಿಂದಿನ ವರ್ಷ ಇವಾರ್ ಎಂಬ ಉಗ್ಗುವ ಹುಡುಗನ ವಾದಕ್ಕೆ ಟೋರ್ಕೆಲ್ಲೇ ಮೂರನೆಯವ. ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದ್ದ: "ನಿಮ್ಮ ಹೆಸರೇನು?"

ಇವಾರ್‌ಗೆ ತನ್ನ ಹೆಸರೇ ಹೊರಡಲಿಲ್ಲ. ಸಭೆ ಹೊಟ್ಟೆ ಹಿಡಿದು ನಕ್ಕಿತು. ಅವನು ಎದ್ದು ಹೋದವನು ಈ ಸೇತುವೆಯಿಂದಲೇ ಹೊಳೆಗೆ ಹಾರಿದ... ಹೆಣ ಸಿಕ್ಕಿದ್ದು ಏಪ್ರಿಲ್‌ನಲ್ಲಿ, ಮಂಜುಗಡ್ಡೆ ಕರಗಿದ ಮೇಲೆ.

"ನಿನಗ್ಯಾರೋ ಮೂರನೆಯವ?" ಎವರ್ಟ್ ಪಿಸುಗುಟ್ಟಿದ.

"ಯಾರೂ ಒಪ್ಪಲಿಲ್ಲ. ಎಲ್ಲಾ ಪುಕ್ಕಲರು."

"ಇವಾರ್ ಇದ್ದಿದ್ರೆ ಬರ್ತಿದ್ದ."

"ಬರಲಿ ಬಿಡು. ಅವನು ಬಾಯಿ ಬಿಡೋ ಹೊತ್ತಿಗೆ ನನಗೆ ಪಿಂಚಣಿ ಬಂದಿರುತ್ತೆ."

ಆಗ ಬಾವಿಯೊಳಗಿಂದ ಸದ್ದು... ನೀರು ತೊಟ್ಟಿಕ್ಕುವ ಸದ್ದಲ್ಲ, ಬಾವಿ ಹೆಪ್ಪುಗಟ್ಟಿತ್ತು. ನಾಲಿಗೆ ಅಂಗುಳಕ್ಕೆ ತಾಗಿ ಅಲ್ಲೇ ಸಿಕ್ಕಿಕೊಂಡಂಥ ಸದ್ದು. ಟ... ಟ... ಟೋ...

"ಕೇಳಿಸ್ತೇನೋ?" ಎವರ್ಟ್ ಕೇಳಿದ.

"ಮಂಜುಗಡ್ಡೆ ಬಿರಿಯೋದು ಕಣೋ. ನಡಿ."

ಮರುದಿನ ಮೊದಲಿಬ್ಬರಿಗೆ ಟೋರ್ಕೆಲ್ ನೀರು ಕುಡಿದಷ್ಟು ಸಲೀಸಾಗಿ ಉತ್ತರ ಕೊಟ್ಟ. ಡೀನ್ ಸಾಹೇಬರು ರೂಢಿಯಂತೆ ಕೇಳಿದರು, "ಮೂರನೆಯವರು?"

ಕುರ್ಚಿ ಖಾಲಿ. ಆದರೆ ಟೋರ್ಕೆಲ್‌ಗೆ ಅಲ್ಲಿಂದ ದನಿ ಕೇಳಿಸಿತು. ಶಾಂತವಾದ ದನಿ. ಒಂದಿಷ್ಟೂ ಉಗ್ಗಿಲ್ಲ.

"ನಿಮ್ಮ ಹೆಸರೇನು?"

ಅವನು ಬಾಯಿ ತೆರೆದ. "ಟ... ಟ... ಟೋ..."

ಸಭೆಗೆ ಏನು ಗೊತ್ತು? ಇವಾರ್‌ನನ್ನು ಮತ್ತೆ ಅಣಕಿಸುತ್ತಿದ್ದಾನೆ ಅಂದುಕೊಂಡರು. ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಎವರ್ಟ್. ಟೋರ್ಕೆಲ್ ಕೈ ಚಾಚಿ ಬೇಡಿಕೊಂಡ, ಕಣ್ಣೀರು ಸುರಿಯಿತು, ಕಚ್ಚಿಕೊಂಡ ನಾಲಿಗೆಯಿಂದ ರಕ್ತ ಬಂತು... ನಟನೆ ಅಂದರೆ ಇದು ಅಂತ ಮೇಜು ಬಡಿದರು.

ಡೀನ್ ಒಬ್ಬರೇ ನಗಲಿಲ್ಲ. ಪುಸ್ತಕ ಮುಚ್ಚಿದರು. "ಸತ್ತವನನ್ನೂ ಬಿಡೋದಿಲ್ವಲ್ಲ ನೀನು. ನಡಿ ಆಚೆ. ಪದವಿ ಇಲ್ಲ."

ಹಾಗಲ್ಲ ಅಂತ ಹೇಳಲು ಅವನಿಗೆ ಮಾತೇ ಹೊರಡಲಿಲ್ಲ. ಆಮೇಲೆ ಎಲ್ಲವನ್ನೂ ಬರೆದು ಕೊಟ್ಟರೂ ಯಾರೂ ನಂಬಲಿಲ್ಲ. ಮಾತು ಇವತ್ತಿಗೂ ಹೊರಟಿಲ್ಲ. ಯಾರಾದರೂ ಹೆಸರು ಕೇಳಿದರೆ ಚೀಟಿಯಲ್ಲಿ ಬರೆದು ತೋರಿಸುತ್ತಾನೆ.

ಇದು ಕಟ್ಟುಕತೆಯಲ್ಲ. ಸಭಾಂಗಣದ ಕಾವಲುಗಾರ ನ್ಯೂಮನ್ ಆ ಕುರ್ಚಿಯನ್ನು ಎಂಟು ದಿನ ಒಲೆಯ ಪಕ್ಕದಲ್ಲೇ ಇಟ್ಟಿದ್ದ. ಒಂಬತ್ತನೆಯ ದಿನ ನಾನೇ ಮುಟ್ಟಿ ನೋಡಿದೆ. ಕೂರುವ ಹಲಗೆ ಇನ್ನೂ ಒದ್ದೆಯಾಗಿತ್ತು.