ರಾಣಿಗೂ ಹಿತ್ತಿಲೇ

ಹೊಳೆನರಸೀಪುರದ ಮಹಾಜನರ ಗಮನಕ್ಕೆ: ಗೋದಮ್ಮನವರ ಪಮೇರಿಯನ್ ನಾಯಿ ರಾಣಿ ನಾಳೆ ಹಾಸನದ ನಾಯಿ ಪ್ರದರ್ಶನಕ್ಕೆ ದಯಮಾಡಿಸ್ತಿದೆ! ಇಂಜೆಕ್ಷನ್ ಚೀಟಿಗೆ ಗೋದಮ್ಮ ದನದ ಆಸ್ಪತ್ರೆ ಸಾಲಲ್ಲಿ ನಿಂತಿದ್ರು. ನಾನು ಹಿಂದೆ. ನಾಯಿ ಮನೆಗೆಲಸದ ಲಕ್ಕಮ್ಮನ ಕಂಕುಳಲ್ಲಿ.

"ದೂರ ನಿಲ್ಲೇ ಲಕ್ಕಮ್ಮ, ಮೈ ತಾಗ್ಸಬೇಡ."

"ರಾಣಿ ನಿಮ್ ಅಡಿಗೆಮನೇಲೇ ಮಲಗ್ತದಲ್ರವ್ವಾ?"

"ಅದು ಜಾತಿನಾಯಿ ಕಣೇ."

"ನಾನು ಇಪ್ಪತ್ತೊರ್ಸದಿಂದ ಇತ್ಲಲ್ಲೇ ನೀರು ಕುಡೀತಿವ್ನಿ."

ಕಾಂಪೌಂಡರ್ ಕೇಳಿದ: "ಚೀಟೀಲಿ ಯಾರ ಹೆಸ್ರು ಬರೀಲಿ? ನಾಳೆ ಅವರೇ ನಾಯಿ ಹಿಡ್ಕೊಂಡು ಸ್ಟೇಜ್ ಹತ್ಬೇಕು."

ಗೋದಮ್ಮ ಕೈ ಚಾಚಿದ್ರು. ರಾಣಿ ಗುರ್ರ್ ಅಂತು.

"ನನ್ನ ಬಿಟ್ರೆ ಯಾರತ್ರಾನೂ ಓಗಲ್ಲ ಕಣ್ರವ್ವಾ."

"ಹಂಗಾರೆ ಲಕ್ಕಮ್ಮ ಅಂತ ಬರ್ಕೊಳ್ಲಾ?"

"ಗೆದ್ರೆ ಬಹುಮಾನದ ಕಪ್ಪು ಇವಳ ಕೈಗಾ? ಥೂ! ಪ್ರದರ್ಶನವೇ ಬೇಡ. ಇವತ್ತಿಂದ ಇದೂ ಹಿತ್ಲಲ್ಲೇ ಬಿದ್ದಿರ್ಲಿ."

ಗೋದಮ್ಮ ಸೆರಗು ಕೊಡವ್ಕೊಂಡು ಮುಂದೆ ನಡೆದ್ರು. ಲಕ್ಕಮ್ಮ ಹಿಂದೆ.

"ನಡಿ ರಾಣಿ, ನಿನ್ ಜಾತೀನೂ ಓಯ್ತು."