ಮೂರನೇ ಕೂಗಿಗೆ ಬಂದ ಉತ್ತರ

ಸಂಜೆಯಿಂದ ಬಿಡದೆ ಸುರಿದ ಮಳೆಗೆ ಕರೆಂಟು ಹೋಗಿತ್ತು. ಮೊಮ್ಮಕ್ಕಳು, ಸೊಸೆ, ಮಳೆ ನಿಂತ ಮೇಲೆ ಹೋದರಾಯಿತೆಂದು ಕುಳಿತ ಪಕ್ಕದ ಮನೆಯವರು, ಎಲ್ಲರೂ ಒಂದೇ ಮೇಣದಬತ್ತಿಯ ಸುತ್ತ ಸೇರಿದ್ದರು. ಯಾರೋ ದೆವ್ವದ ಮಾತು ತೆಗೆದರು. ಅಜ್ಜಿ ಶಾಲು ಎಳೆದುಕೊಂಡು ನಕ್ಕಳು.

"ದೆವ್ವ ಅಂದ್ರೆ ಉದ್ದ ಕೂದಲು, ಕೆಂಪು ಕಣ್ಣು ಅಂದ್ಕೊಂಡಿದೀರಾ? ನಾನು ಕಂಡಿದ್ದು... ಕಂಡಿದ್ದಲ್ಲ, ಕೇಳಿದ್ದು... ಭಾರೀ ಶಿಸ್ತಿನದು.

ನಿಮ್ಮ ತಾತ ಮಿಲಿಟರೀಲಿ ರಾತ್ರಿ ಕಾವಲಿನವರು. ಇಡೀ ರಾತ್ರಿ ಬಂದೂಕು ಹಿಡ್ಕೊಂಡು ನಿಲ್ಲೋದು, ಬೆಳಿಗ್ಗೆ ಹಾಜರಿ ಕೂಗೋ ಹೊತ್ತಿಗೆ ನಿಂತಲ್ಲೇ ತೂಕಡಿಸೋದು. ಪಕ್ಕದಲ್ಲಿ ಅವರ ಜೀವದ ಗೆಳೆಯ, ಅದೇ ತುಕಡಿಯ ಲಾರಿ ಡ್ರೈವರ್, ಇವರ ದನೀಲೇ 'ಹಾಜರ್ ಸಾರ್' ಅಂತಿದ್ದ. ವರ್ಷಗಟ್ಟಲೆ ಹಾಗೇ ನಡೀತು, ಒಬ್ಬ ಅಧಿಕಾರಿಗೂ ಸುಳಿವು ಸಿಗಲಿಲ್ಲ ಅಂದ್ರೆ ನೋಡಿ! ನಿವೃತ್ತಿ ಆದ್ಮೇಲಾದ್ರೂ ಮಲಗಿದ್ರಾ ಮನುಷ್ಯ? ಎಲ್ಲಿ! ರಾತ್ರಿ ಬೂಟು ಹಾಕ್ಕೊಂಡು ಮನೆ ಸುತ್ತೋದು, ಒಂದೊಂದು ಬಾಗಿಲೂ ಅಲುಗಿಸಿ ನೋಡೋದು. ಅವರು ತೀರಿಕೊಂಡಾಗ ನಾನು ಅತ್ತೆ, ಅಳದೇ ಇರ್ತೀನಾ, ಆದ್ರೆ ಒಳಗೊಳಗೇ... ಇನ್ನಾದ್ರೂ ಕಣ್ತುಂಬ ನಿದ್ದೆ ಮಾಡ್ಲಿ ಅಂತ ಸಮಾಧಾನಾನೂ ಆಗಿತ್ತು.

ನಿವೃತ್ತ ಸೈನಿಕರ ಸಂಘದಲ್ಲಿ ನೆನಪಿನ ಸಭೆ ಇಟ್ರು. ಅಲ್ಲೊಂದು ಪದ್ಧತಿ. ಹಾಜರಿ ಕೂಗ್ತಾರೆ, ಬದುಕಿರೋರು ಓಗೊಡ್ತಾರೆ. ತೀರಿಕೊಂಡವರ ಹೆಸರನ್ನ ಮೂರು ಸಲ ಕೂಗ್ತಾರೆ, ಆಗ ಯಾರೂ ತುಟಿ ಪಿಟಕ್ ಅನ್ನಬಾರದು. ಆ ಮೌನವೇ ಅವರಿಗೆ ಬಿಡುಗಡೆ... ಆಮೇಲೆ ಕಹಳೆ. ನಾನು ಮುಂದಿನ ಸಾಲಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆ. ಒಂದು ಸಲ ಕೂಗಿದ್ರು. ಎರಡು ಸಲ. ಮೂರನೇ ಸಲ ಕೂಗಿದ್ದೇ ತಡ, ಹಿಂದಿನಿಂದ ನನ್ನ ಗಂಡನ ದನಿ, 'ಹಾಜರ್ ಸಾರ್!'

ತಿರುಗಿ ನೋಡಿದ್ರೆ ಡ್ರೈವರ್. ಹಳೇ ಚಾಳಿ, ಬಾಯಿ ತಪ್ಪಿತ್ತು ಪಾಪ, ಎರಡೂ ಕೈಲಿ ಬಾಯಿ ಮುಚ್ಕೊಂಡಿದ್ದ. ಕಹಳೆಯವನು ಊದದೆ ಕಹಳೆ ಕೆಳಗಿಳಿಸಿಬಿಟ್ಟ.

ಅವತ್ತೇ ರಾತ್ರಿ ಶುರುವಾಯ್ತು... ಮನೆ ಸುತ್ತ ಬೂಟಿನ ಸದ್ದು. ಬಾಗಿಲು ಅಲುಗೋದು. ನನಗೆ ಹೆದರಿಕೆ ಆಗಲಿಲ್ಲ ಕಣ್ರೇ, ಕರುಳು ಕಿತ್ತು ಬಂತು. ಸತ್ತ ಮೇಲೂ ಮನುಷ್ಯನಿಗೆ ನಿದ್ದೆ ಇಲ್ವಲ್ಲಾ! ಡ್ರೈವರನ್ನ ಕರೆಸಿ ಬಾಯಿಗೆ ಬಂದ ಹಾಗೆ ಬೈದೆ. ತಲೆ ತಗ್ಗಿಸಿ ಕೇಳಿಸಿಕೊಂಡ. 'ಅತ್ತಿಗೆ, ಕಾವಲಿನವನು ಬದಲಿ ಬರದೆ ಜಾಗ ಬಿಡೋ ಹಾಗಿಲ್ಲ. ನಾನೇ ನಿಲ್ತೀನಿ' ಅಂದ. ರಾತ್ರಿ ಬಾಗಿಲಾಚೆ ನಿಂತು, 'ಬದಲಿ ಬಂದಿದೀನಿ ಕಣೋ. ಹೋಗು, ಮಲಕ್ಕೋ' ಅಂದಿದ್ದು ಒಳಗಿದ್ದ ನನಗೆ ಕೇಳಿಸ್ತು. ಬೂಟಿನ ಸದ್ದು ಮೆಟ್ಟಿಲಿಳಿದು ದೂರವಾಯ್ತು... ಬೆಳಿಗ್ಗೆ ಬಾಗಿಲು ತೆಗೆದ್ರೆ ಡ್ರೈವರ್ ಗೋಡೆಗೆ ಒರಗಿ ನಿಂತಿದಾನೆ. ಮುಟ್ಟಿದ್ರೆ ಮೈ ತಣ್ಣಗಾಗಿತ್ತು."

ಹಿಂಬಾಗಿಲು ಒಮ್ಮೆ ಅಲುಗಿತು.

"ಗಾಳಿ," ಅಂದಳು ಸೊಸೆ.

"ಹಾಗೇ ಅಂದ್ಕೋ ತಾಯಿ, ನಿದ್ದೆ ಬರುತ್ತೆ. ಇಷ್ಟು ವರ್ಷದಿಂದ ಮಳೆ ಬಿಸಿಲು ಅನ್ನದೆ ನಿಂತಿದಾನೆ, ಅವನಿಗೂ ಒಬ್ಬರು ಬದಲಿ ಬೇಡವಾ? ನನಗೂ ವಯಸ್ಸಾಯ್ತು... ನಾನು ಹೋದ ಮೇಲೂ ರಾತ್ರಿ ಬಾಗಿಲು ಮೆಲ್ಲಗೆ ಅಲುಗಿದ್ರೆ ಕೂಗಾಡಬೇಡಿ ಮಕ್ಳಾ. ಮುಂದಿನ ಪಾಳಿ ನಂದು."