ಮಿಸೆಸ್ ಹಾಫ್‌ಮನ್ ಅವರ ಬಾಗಿಲಲ್ಲಿದ್ದ ಗಂಡಸಿನ ಬೂಟುಗಳ ಬಗ್ಗೆ

ವತ್ಸಲಾ ದ್ವಾರಕಾನಾಥ, ವಯಸ್ಸು 41, ಗ್ರಂಥಾಲಯದಲ್ಲಿ ಅರ್ಧ ದಿನದ ಗುಮಾಸ್ತೆ, ವಾಸ ನೋವೈ, ಮಿಶಿಗನ್, ಆದ ನಾನು ಈ ಮೂಲಕ ನನಗೆ ತಿಳಿದಷ್ಟನ್ನು ತಿಳಿಸುವುದೇನೆಂದರೆ: ಪೊಲೀಸ್ ಅಧಿಕಾರಿಯವರ ಒಪ್ಪಿಗೆಯಿಂದ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇದೇ ಊರಿನಲ್ಲಿರುವ, ಕನ್ನಡ ಬಲ್ಲ ಡಾ. ಇಂದುಮತಿಯವರು ಇಂಗ್ಲಿಷಿಗೆ ಮಾಡಿಕೊಡುತ್ತಾರೆ.

ಈ ರಾಜ್ಯದಲ್ಲಿ ವಾಸಿಸುವ ಎಲ್ಲರಿಗೂ, ವಲಸೆ ಬಂದವರೂ ಸೇರಿ, ಕೈಗೆಟುಕುವ ಆರೋಗ್ಯ ವಿಮೆಯನ್ನು ರಾಜ್ಯವೇ ಕೊಡಬೇಕೆಂಬ ಮನವಿಗೆ ಹತ್ತೊಂಬತ್ತು ದಿನಗಳಿಂದ ಮನೆಮನೆಗೆ ಹೋಗಿ ಸಹಿ ಕೇಳುತ್ತಿದ್ದೇನೆ. ಒಬ್ಬಳೇ ಹೋಗುತ್ತೇನೆ.

ಇಂದು ಮಧ್ಯಾಹ್ನ 3:10ಕ್ಕೆ ಮಿಸೆಸ್ ಹಾಫ್‌ಮನ್, ವಯಸ್ಸು 78, ಇವರ ಬಾಗಿಲು ತಟ್ಟಿದೆ. ಹೊರಗೆ 14 ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಅವರು ಒಳಗೆ ಕರೆದರು. ನಾನು ಬೂಟುಗಳನ್ನು ಹೊರಗೇ ಬಿಟ್ಟು ಹೋದೆ. ನಮ್ಮಲ್ಲಿ ಹಾಕಿಕೊಂಡು ಒಳಗೆ ಹೋದರೆ ಮರ್ಯಾದೆಗೇಡು. ಇಲ್ಲಿ ಬಿಟ್ಟು ಹೋದರೆ ಪೊಲೀಸರು ಬರುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ.

ಅರವತ್ತೈದು ದಾಟಿದ ತಮಗೆ ಸರ್ಕಾರದ ವಿಮೆ ಇದೆ, ಈ ಮನವಿಯಿಂದ ತಮಗೇನು ಎಂದು ಮಿಸೆಸ್ ಹಾಫ್‌ಮನ್ ಕೇಳಿದರು. ಆದರೂ ಚಹಾ ಕೊಟ್ಟು, ತೀರಿಹೋದ ನಾಯಿಯ ಫೋಟೋ ತೋರಿಸಿದರು. ಓದಿ ನೋಡಿ ಹೇಳುತ್ತೇನೆಂದು ಕನ್ನಡಕ ತರಲು ಬೇಸ್‌ಮೆಂಟಿಗೆ ಇಳಿದರು. ಆಗ 3:40. ಅದೇ ಹೊತ್ತಿಗೆ ಅಧಿಕಾರಿಯವರು ಬಂದರು. ಬಾಗಿಲಲ್ಲಿ ಗಂಡಸಿನ ಬೂಟು ಕಂಡು, ಒಂಟಿ ಮುದುಕಿಯ ಮನೆಗೆ ಅಪರಿಚಿತ ಗಂಡಸು ನುಗ್ಗಿದ್ದಾನೆಂದು ಪಕ್ಕದ ಮನೆಯವರು ಫೋನ್ ಮಾಡಿದ್ದರಂತೆ.

ಬೂಟು ಯಾರದ್ದೆಂದು ಅಧಿಕಾರಿಯವರು ಕೇಳಿದರು. ನನ್ನ ಗಂಡನದ್ದೆಂದೆ. ಅವರೆಲ್ಲಿ ಎಂದು ಕೇಳಿದರು. ನಾನು ಬಾಗಿಲಾಚೆಯ ಬೂಟುಗಳ ಕಡೆ ನೋಡಿದೆ.

ಅಧಿಕಾರಿಯವರು ಮಲಗುವ ಕೋಣೆ, ಬಚ್ಚಲು, ಬಟ್ಟೆಯ ಕಪಾಟು, ಮಂಚದ ಕೆಳಗೆ, ಎಲ್ಲ ಕಡೆ ನಾಲ್ಕು ನಿಮಿಷ ಹುಡುಕಿದರು. ನಾನು ತಡೆಯಬೇಕಿತ್ತು. ತಡೆಯಲಿಲ್ಲ. ನನ್ನನ್ನು ಬಿಟ್ಟು ಇನ್ನೊಬ್ಬರು ಅವರನ್ನು ಹುಡುಕಿದ್ದು ಇದೇ ಮೊದಲು. ಸಿಕ್ಕಿಯೇಬಿಡುತ್ತಾರೇನೋ ಎಂದು ಒಂದು ಗಳಿಗೆ ಆಸೆಯೂ ಆಯಿತು. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಆಮೇಲೆ ಹೇಳಿದೆ. ಅಕ್ಟೋಬರಿನಲ್ಲಿ ಕಾರ್ ಕಾರ್ಖಾನೆಯವರು ನನ್ನ ಗಂಡನನ್ನು ಕೆಲಸದಿಂದ ತೆಗೆದರು, ವಿಮೆಯೂ ನಿಂತಿತು. ಡಿಸೆಂಬರಿನಲ್ಲಿ ಎದೆನೋವು ಶುರುವಾಯಿತು. ಆಸ್ಪತ್ರೆಗೆ ಹೋಗೋಣ ಎಂದರೆ, “ಬರೀ ಗ್ಯಾಸು ಕಣೇ, ಸುಮ್ನಿರು. ಬೇರೆ ಕಡೆ ಅಪ್ಲೈ ಮಾಡಿದೀನಿ. ಇನ್ಶೂರೆನ್ಸ್ ಬಂದ್ಮೇಲೆ ತೋರಿಸ್ಕೊಂಡ್ರಾಯ್ತು” ಎನ್ನುತ್ತಿದ್ದರು. ಜನವರಿ 11ರ ಬೆಳಿಗ್ಗೆ 7:20ಕ್ಕೆ ಅಡುಗೆಮನೆಯಲ್ಲಿ ಬಿದ್ದರು, ಮತ್ತೆ ಏಳಲಿಲ್ಲ. ಆಸ್ಪತ್ರೆ ನಮ್ಮ ಮನೆಯಿಂದ ಆರು ಮೈಲಿ. ಅವರ ಬೂಟು ಸೈಜು ಹತ್ತು, ನನ್ನ ಕಾಲು ಆರು. ಎರಡು ಜೊತೆ ಕಾಲುಚೀಲ ಹಾಕಿಕೊಂಡು ತಿರುಗುತ್ತೇನೆ.

ಮಿಸೆಸ್ ಹಾಫ್‌ಮನ್ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದರು. ಕೈಯಲ್ಲಿದ್ದ ಕನ್ನಡಕ ಹಾಕಿಕೊಳ್ಳದೆ, ಓದದೆ, ಸಹಿ ಮಾಡಿದರು. ಅದು 212ನೆಯ ಸಹಿ.

ವಿಚಾರಣೆಗೆಂದು ಸಹಿಯ ಹಾಳೆಗಳನ್ನು ಠಾಣೆಯಲ್ಲಿ ಇಟ್ಟುಕೊಂಡಿದ್ದಾರೆ. ಶುಕ್ರವಾರ ಸಂಜೆ ಐದರೊಳಗೆ ಅವು ರಾಜ್ಯದ ರಾಜಧಾನಿ ಲಾನ್ಸಿಂಗ್ ತಲುಪದಿದ್ದರೆ ಲೆಕ್ಕಕ್ಕಿಲ್ಲ. ದಯವಿಟ್ಟು ಹಿಂದಿರುಗಿಸಿ. ಅವುಗಳಲ್ಲಿ ನನ್ನ ಹೆಸರು ಹುಡುಕಬೇಡಿ. ನಾನು ಈ ದೇಶದ ಪ್ರಜೆಯಲ್ಲ, ನನ್ನ ಸಹಿ ಅಲ್ಲಿ ನಡೆಯುವುದಿಲ್ಲ.

ಈ ಹೇಳಿಕೆಗೆ ನಡೆಯುತ್ತದೆಯೇ ಎಂದು ಅಧಿಕಾರಿಯವರನ್ನು ಕೇಳಿದೆ. ನಡೆಯುತ್ತದೆ ಎಂದರು. ಮೇಲಿನದೆಲ್ಲ ನಿಜವೆಂದು ಮತ್ತೊಮ್ಮೆ ಓದಿ ಸಹಿ ಹಾಕಿದ್ದೇನೆ.

ನೋವೈ, 19 ಫೆಬ್ರವರಿ 1975

(ಸಹಿ) ವತ್ಸಲಾ ದ್ವಾರಕಾನಾಥ